ಕೆಸರು ನೀರಿನ ಮೀನನ್ನು ಎಣಿಸಿದವರು

ನೀರಿನೊಳಗಿನ ಮೀನನ್ನು ಎಣಿಸುವುದು ಮೀನುಗಾರಿಕೆ ವಿಜ್ಞಾನದ ಹಳೆಯ ತಲೆನೋವು. ಕಾಡಿನ ಹುಲಿಗಾದರೆ ಮರಕ್ಕೊಂದು ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆ ನೋಡಿ ಒಂದೊಂದನ್ನೂ ಗುರುತಿಸಬಹುದು. ಹಾಲು ಹಾಕಿದ ಚಹಾದ ಬಣ್ಣದ ನೀರಿನಲ್ಲಿ, ಬಿದ್ದ ಮರಗಳ ನಡುವೆ, ತಳದಲ್ಲಿ ಅಡ್ಡಾಡುವ ಮೀನನ್ನು ಯಾವ ಕ್ಯಾಮೆರಾ ಕಂಡೀತು? ಆದರೆ ಎಷ್ಟಿವೆ ಎಂದು ತಿಳಿಯದೆ ಎಷ್ಟು ಹಿಡಿಯಬಹುದು ಎಂದು ಹೇಳಲಾಗದು. ಬ್ರೆಜಿಲ್‌ನ ಅಮೆಜಾನ್ ಪ್ರದೇಶದಲ್ಲಿ ಈ ಲೆಕ್ಕ ಸಿಕ್ಕಿದ್ದು ಈಟಿ ಹಿಡಿದು ಬೆಳೆದ ಬೆಸ್ತರಿಂದ. ವಿಜ್ಞಾನಿಗಳು ಮಾಡಿದ್ದು ಆ ಲೆಕ್ಕವನ್ನು ಪರೀಕ್ಷೆಗೆ ಒಡ್ಡಿ, ಸರ್ಕಾರ ಒಪ್ಪುವಂತೆ ಮಾಡಿದ ಕೆಲಸ. ವಿಜ್ಞಾನಿಗಳೂ ಸ್ಥಳೀಯರೂ ಕೈಜೋಡಿಸಬೇಕು ಎಂದು ಎಲ್ಲ ವರದಿಗಳೂ ಹೇಳುತ್ತವೆ. ಕೈಜೋಡಿಸಿದಾಗ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಈ ಒಂದು ಮೀನಿನ ಕಥೆಯಲ್ಲಿ ನೋಡಬಹುದು.

ಮೀನಿನ ಹೆಸರು ಪಿರಾರುಕು. ಹೊರ ದೇಶಗಳಲ್ಲಿ ಅರಪೈಮಾ ಎಂದು ಪ್ರಸಿದ್ಧ. ಸಿಹಿನೀರಿನ ಹುರುಪೆಯುಳ್ಳ ಮೀನುಗಳಲ್ಲಿ ಇಷ್ಟು ದೊಡ್ಡದಾಗಿ ಬೆಳೆಯುವವು ತೀರ ಕಡಿಮೆ: ಉದ್ದ ಮೂರು ಮೀಟರ್‌ವರೆಗೆ, ತೂಕ 200 ಕಿಲೋವರೆಗೆ ಹೋಗಬಹುದು. ಹುರುಪೆ ಎಷ್ಟು ಗಟ್ಟಿಯೆಂದರೆ ಪಿರಾನ್ಯಾ ಮೀನಿನ ಹಲ್ಲು ಅದಕ್ಕೆ ನಾಟುವುದಿಲ್ಲ. ಒಣಗಿದ ಹುರುಪೆಯನ್ನು ಉಗುರು ಉಜ್ಜುವ ಅರದಂತೆ ಬಳಸುತ್ತಾರೆ. ಎಲುಬಿನಂತಹ ನಾಲಿಗೆಯಂತೂ ಅಲ್ಲಿನ ಮನೆಗಳಲ್ಲಿ ಗುವರಾನಾ ಎಂಬ ಬಳ್ಳಿಯ ಬೀಜದಿಂದ ಮಾಡಿದ ಗಟ್ಟಿಯನ್ನು ತುರಿಯುವ ತುರಿಮಣೆಯಾಗಿತ್ತು.

ನಮ್ಮ ಕಥೆಗೆ ಮುಖ್ಯವಾದದ್ದು ಇದರ ಉಸಿರಾಟ. ಅಮೆಜಾನಿನ ನೆರೆಬಯಲಿನ ಕೊಳಗಳಲ್ಲಿ ಎಲೆ, ಹುಲ್ಲು ಕೊಳೆತು ನೀರಿನ ಆಮ್ಲಜನಕ ಇಳಿದುಹೋಗುತ್ತದೆ. ಅಂಥಲ್ಲಿ ಬದುಕಲು ಪಿರಾರುಕು ಕಂಡುಕೊಂಡ ದಾರಿಯೆಂದರೆ ಗಾಳಿಯನ್ನೇ ನುಂಗುವುದು. ಅದರ ಈಜುಚೀಲದ ಒಳಗೋಡೆ ರಕ್ತನಾಳಗಳಿಂದ ತುಂಬಿ ಶ್ವಾಸಕೋಶದ ಕೆಲಸ ಮಾಡುತ್ತದೆ. ಬೆಳೆದ ಮೀನು ಐದರಿಂದ ಹದಿನೈದು ನಿಮಿಷಕ್ಕೊಮ್ಮೆ ಮೇಲೆ ಬಂದು ಗಾಳಿ ಎಳೆದುಕೊಳ್ಳಲೇಬೇಕು, ಇಲ್ಲವಾದರೆ ಉಸಿರುಕಟ್ಟಿ ಸಾಯುತ್ತದೆ. ನಮ್ಮ ಕೆರೆಗಳ ಕೊರವ ಮೀನೂ ಹೀಗೆಯೇ ಮೇಲೆ ಬಂದು ಗಾಳಿ ನುಂಗುತ್ತದೆ, ಮರಿ ಕಾಯುತ್ತದೆ. ಪಿರಾರುಕುವಿನಲ್ಲಿ ಮರಿ ಕಾಯುವ ಕೆಲಸ ಹೆಚ್ಚಾಗಿ ಗಂಡಿನದು. ಆ ದಿನಗಳಲ್ಲಿ ಅದರ ತಲೆ ಕಪ್ಪಾಗುತ್ತದೆ, ಮರಿಗಳ ಹಿಂಡು ಆ ತಲೆಯ ಸುತ್ತಲೇ ಸುಳಿಯುತ್ತಿರುತ್ತದೆ. ಕಾವಲಿರುವ ಗಂಡನ್ನು ಹಿಡಿದರೆ ಇಡೀ ಸಂಸಾರವೇ ಹೋದಂತೆ.

ಉಸಿರಿಗಾಗಿ ಮೇಲೆ ಬರುವ ದೊಡ್ಡ ಮೀನನ್ನು ಹಿಡಿಯುವುದು ಕಷ್ಟವಲ್ಲ ಎಂದು ನಮಗೆ ತೋರಬಹುದು. ಈಟಿ ಎಸೆಯುವವನಿಗೆ ಅದು ಅಷ್ಟು ಸುಲಭವಾಗಿರಲಿಲ್ಲ. ಒಂದು ಕ್ಷಣ ಮೇಲೆದ್ದು ಮುಳುಗಿದ ಮೀನು ಯಾವ ಕಡೆ ತಿರುಗಿತು, ಮತ್ತೆ ಎಷ್ಟು ಹೊತ್ತಿಗೆ ಎಲ್ಲಿ ಏಳುತ್ತದೆ ಎಂಬುದನ್ನು ಅವನು ಅಲೆಯ ಸುಳಿಯಿಂದ, ಗುಳ್ಳೆಯಿಂದ, ಶಬ್ದದಿಂದ ಊಹಿಸಬೇಕಿತ್ತು. ಮುಂದೆ ನೈಲಾನ್ ಬಲೆ ಬಂತು, ಮಂಜುಗಡ್ಡೆ ತುಂಬಿದ ದೋಣಿಗಳು ಪಟ್ಟಣಗಳಿಂದ ಒಳನಾಡಿನ ಕೊಳಗಳವರೆಗೆ ಬಂದವು. ಬಲೆಗೆ ಊಹೆ ಬೇಕಿಲ್ಲ. ಕೆಲವೇ ದಶಕಗಳಲ್ಲಿ ಪಟ್ಟಣಗಳ ಸುತ್ತಲಿನ ನೀರು ಪಿರಾರುಕುವಿಲ್ಲದೆ ಬರಿದಾಯಿತು. 1975ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಈ ಮೀನು ಸೇರಿತು. ಒಂದೂವರೆ ಮೀಟರಿಗಿಂತ ಚಿಕ್ಕದನ್ನು ಹಿಡಿಯಬಾರದು, ಡಿಸೆಂಬರಿನಿಂದ ಮೇವರೆಗೆ ಹಿಡಿಯಲೇಬಾರದು ಎಂಬ ನಿಯಮಗಳು ಬಂದವು. ಯಾವುದೂ ಸಾಲದೆ 1996ರಲ್ಲಿ ಬ್ರೆಜಿಲ್‌ನ ಅಮೆಜಾನಸ್ ರಾಜ್ಯದಲ್ಲಿ ಪಿರಾರುಕು ಬೇಟೆಯನ್ನೇ ನಿಷೇಧಿಸಲಾಯಿತು. ಪಶ್ಚಿಮ ಯೂರೋಪಿನ ಹಲವು ದೇಶಗಳನ್ನು ಸೇರಿಸಿದಷ್ಟು ದೊಡ್ಡ ರಾಜ್ಯ ಅದು, ರಸ್ತೆಗಳಿಗಿಂತ ನದಿಗಳೇ ಹೆಚ್ಚು. ನಿಷೇಧ ಕಾಗದದಲ್ಲಿತ್ತು, ಮೀನು ಮಾರುಕಟ್ಟೆಯಲ್ಲಿತ್ತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಸಂರಕ್ಷಣೆ ಎಂದರೆ ವಿಜ್ಞಾನಿಗಳು ಬಂದ ಮೇಲೆ ಶುರುವಾದದ್ದು ಎಂದು ಬರೆಯುವ ಅಭ್ಯಾಸ ನಮಗಿದೆ. ಅಮೆಜಾನಿನಲ್ಲಿ ಕೊಳಗಳ ಕಾವಲು ಅದಕ್ಕೂ ಮೊದಲಿನದು. 1970ರ, 80ರ ದಶಕಗಳಲ್ಲೇ ನದಿದಡದ ಹಳ್ಳಿಗಳು, ಕ್ಯಾಥೊಲಿಕ್ ಚರ್ಚಿನ ಕೆಲವು ಪಾದ್ರಿಗಳ ಬೆಂಬಲದೊಂದಿಗೆ, ಹೊರಗಿನ ಮಂಜುಗಡ್ಡೆ ದೋಣಿಗಳನ್ನು ತಡೆಯಲು ಆರಂಭಿಸಿದ್ದವು. ಈ ಕೊಳದಲ್ಲಿ ಯಾರೂ ಹಿಡಿಯಬಾರದು, ಆ ಕೊಳ ಊಟಕ್ಕೆ ಮಾತ್ರ, ಮತ್ತೊಂದು ಮಾರಾಟಕ್ಕೆ ಎಂದು ಹಂಚಿಕೊಂಡಿದ್ದವು. ಕಾನೂನಿನ ಬಲ ಮಾತ್ರ ಇರಲಿಲ್ಲ.

ಆ ಬಲ ಬಂದದ್ದು ಒಂದು ಕೋತಿಯ ನೆಪದಲ್ಲಿ. ಬ್ರೆಜಿಲ್‌ನ ಜೀವವಿಜ್ಞಾನಿ ಜೋಸೆ ಮಾರ್ಸಿಯೊ ಐರೆಸ್ 1980ರ ದಶಕದಲ್ಲಿ ಸೊಲಿಮೊಯಿಸ್ ಮತ್ತು ಜಪುರಾ ನದಿಗಳು ಕೂಡುವ ಮಮಿರವಾ ಪ್ರದೇಶದಲ್ಲಿ, ಕೆಂಪು ಮುಖದ ಬಿಳಿ ಉವಾಕರಿ ಕೋತಿಯ ಅಧ್ಯಯನಕ್ಕೆ ಇಳಿದರು. ಅವರ ಪ್ರಯತ್ನದಿಂದ 1990ರಲ್ಲಿ ಅದು ಸಂರಕ್ಷಿತ ಪ್ರದೇಶವಾಯಿತು. ಆದರೆ ಅಂದಿನ ಕಾನೂನಿನ ಪ್ರಕಾರ ಅಂಥ ಪ್ರದೇಶದೊಳಗೆ ಜನ ಇರುವಂತಿರಲಿಲ್ಲ. ಅಲ್ಲಿ ಮಾತ್ರ ತಲೆಮಾರುಗಳಿಂದ ಜನ ಇದ್ದರು. ಅವರೇ ಕೊಳ ಕಾಯುತ್ತಿದ್ದವರು. ಐರೆಸ್ ಮತ್ತು ಅವರ ಸಂಗಡಿಗರು ಜನರನ್ನು ಬಿಟ್ಟುಕೊಡುವ ಬದಲು ಕಾನೂನನ್ನು ಬದಲಿಸುವ ದಾರಿ ಹಿಡಿದರು. 1996ರಲ್ಲಿ ಮಮಿರವಾ ‘ಸುಸ್ಥಿರ ಅಭಿವೃದ್ಧಿ ಮೀಸಲು’ ಎಂಬ ಹೊಸ ವರ್ಗದ ಮೊದಲ ಪ್ರದೇಶವಾಯಿತು. ಜನ ಇರುತ್ತಾರೆ, ಬಳಸುತ್ತಾರೆ, ನಿಯಮವನ್ನೂ ಅವರೇ ಕೂತು ಮಾಡುತ್ತಾರೆ. ಹನ್ನೊಂದು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಈ ಪ್ರದೇಶದಲ್ಲಿ ನದಿ ವರ್ಷಕ್ಕೊಮ್ಮೆ ಹತ್ತು-ಹನ್ನೆರಡು ಮೀಟರ್ ಏರುತ್ತದೆ. ಅಂದರೆ ಮೂರಂತಸ್ತಿನ ಮನೆಯಷ್ಟು. ನೆರೆ ಬಂದಾಗ ಕಾಡೇ ಕೆರೆ, ಮೀನು ಮರಗಳ ನಡುವೆ ಮೇಯುತ್ತದೆ. ನೀರು ಇಳಿದಾಗ ಅದೇ ಮೀನು ಬೇರೆ ಬೇರೆಯಾಗಿ ಉಳಿದ ಕೊಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎಣಿಸಲು ಸಿಗುವುದು ಆಗಲೇ.

1990ರ ದಶಕದ ಕೊನೆಯಲ್ಲಿ ಮಮಿರವಾದಲ್ಲಿ ಕೆಲಸ ಮಾಡುತ್ತಿದ್ದ ಯುವ ಸಂಶೋಧಕ ಲಿಯಾಂಡ್ರೊ ಕಾಸ್ಟೆಲ್ಲೊ ಬೆಸ್ತರ ಮಾತನ್ನು ಕೇಳಿಸಿಕೊಂಡರು. ಈ ಕೊಳದಲ್ಲಿ ಎಷ್ಟಿವೆ ಎಂದು ನಾವು ಹೇಳಬಲ್ಲೆವು ಎಂಬುದು ಅವರ ಮಾತು. ಅದನ್ನು ಜಾನಪದವೆಂದು ಬದಿಗಿಡುವುದು ಸುಲಭ, ಹಿರಿಯರ ಜ್ಞಾನವೆಂದು ಕೈಮುಗಿದು ಒಪ್ಪುವುದು ಇನ್ನೂ ಸುಲಭ. ಕಾಸ್ಟೆಲ್ಲೊ ಎರಡನ್ನೂ ಮಾಡದೆ ಅಳೆದು ನೋಡಿದರು. ಸ್ಥಳೀಯ ಜ್ಞಾನಕ್ಕೆ ಸಲ್ಲಿಸಬಹುದಾದ ದೊಡ್ಡ ಗೌರವ ಅದನ್ನು ಪರೀಕ್ಷಿಸುವುದೇ ಎಂದು ನನಗೆ ಅನ್ನಿಸುತ್ತದೆ. ಹೊಗಳಿಕೆಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟು ಹಕ್ಕು ಕೇಳಲಾಗುವುದಿಲ್ಲ, ಪರೀಕ್ಷೆ ಗೆದ್ದ ಅಂಕಿಯನ್ನು ಇಟ್ಟು ಕೇಳಬಹುದು.

ಪರೀಕ್ಷೆ ಹೀಗಿತ್ತು. ಮೊದಲು ಅನುಭವಿ ಬೆಸ್ತರು ಕೊಳದ ಮೀನನ್ನು ಕಣ್ಣಂದಾಜಿನಲ್ಲಿ ಎಣಿಸುತ್ತಾರೆ. ಬಳಿಕ ವಿಜ್ಞಾನಿಗಳು ತಮ್ಮ ಪ್ರಮಾಣಿತ ವಿಧಾನ ಬಳಸುತ್ತಾರೆ: ಬಲೆ ಹಾಕಿ ಹಿಡಿದು, ಗುರುತು ಕಟ್ಟಿ ಬಿಟ್ಟು, ಮತ್ತೆ ಹಿಡಿಯುವುದು. ಇದರ ತರ್ಕ ಸರಳ. ಮೊದಲ ಸಲ 100 ಮೀನಿಗೆ ಗುರುತು ಕಟ್ಟಿದಿರಿ ಎನ್ನಿ. ಎರಡನೇ ಸಲ ಹಿಡಿದ 50ರಲ್ಲಿ 10ಕ್ಕೆ ಗುರುತಿದೆ. ಐದರಲ್ಲೊಂದು ಗುರುತಿನದಾದರೆ ಕೊಳದಲ್ಲಿ ಸುಮಾರು 500 ಇರಬೇಕು. ತರ್ಕ ಸರಳವಾದರೂ ಕೆಲಸ ಸರಳವಲ್ಲ. ನೂರು, ಇನ್ನೂರು ಕಿಲೋ ತೂಗಬಲ್ಲ, ಬಲೆಯಿಂದ ನೆಗೆಯುವ ಮೀನನ್ನು ಗಾಯವಾಗದಂತೆ ಎರಡೆರಡು ಸಲ ಹಿಡಿಯಬೇಕು. 2004ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬೆಸ್ತರ ಎಣಿಕೆಯೂ ಗುರುತು ಕಟ್ಟಿದ ಎಣಿಕೆಯೂ ಬಹುತೇಕ ಜೊತೆಜೊತೆಯಾಗಿಯೇ ಸಾಗಿದ್ದವು: ಒಂದರಲ್ಲಿ ಹೆಚ್ಚು ಕಂಡ ಕೊಳದಲ್ಲಿ ಇನ್ನೊಂದರಲ್ಲೂ ಹೆಚ್ಚು, ಒಂದರಲ್ಲಿ ಕಡಿಮೆಯಾದರೆ ಇನ್ನೊಂದರಲ್ಲೂ ಕಡಿಮೆ. ಬೆಸ್ತರ ವಿಧಾನ ಸುಮಾರು ಇನ್ನೂರು ಪಟ್ಟು ಬೇಗನೆ, ಅಷ್ಟೇ ಅಗ್ಗವಾಗಿ ಮುಗಿಯುತ್ತಿತ್ತು.

ಎಣಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಎಲ್ಲ ಜಾಣ್ಮೆಯೂ ಅಲ್ಲಿದೆ. ನೀರು ತೀರ ಇಳಿದ ತಿಂಗಳುಗಳಲ್ಲಿ ಬೆಸ್ತರು ಸಣ್ಣ ದೋಣಿಗಳಲ್ಲಿ ಕೊಳಕ್ಕೆ ಹೋಗುತ್ತಾರೆ. ಒಬ್ಬೊಬ್ಬರಿಗೆ ಹೆಚ್ಚೆಂದರೆ ಎರಡು ಹೆಕ್ಟೇರಿನಷ್ಟು ನೀರು. ಮಾತಿಲ್ಲ. ಒಂದೇ ಹೊತ್ತಿಗೆ ಆರಂಭಿಸಿ ಇಪ್ಪತ್ತು ನಿಮಿಷ ತಮ್ಮ ಪಾಲಿನ ನೀರನ್ನು ನೋಡುತ್ತ, ಕೇಳುತ್ತ ಇರುತ್ತಾರೆ. ಒಂದು ಮೀಟರಿಗಿಂತ ಉದ್ದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ಎರಡು ಗುಂಪು ಮಾಡುತ್ತಾರೆ: ಒಂದೂವರೆ ಮೀಟರಿನವರೆಗಿನ ಎಳೆಯವು, ಅದನ್ನು ಮೀರಿದ ಬೆಳೆದವು. ಕೊಳ ದೊಡ್ಡದಿದ್ದರೆ ತಂಡ ತುಂಡು ತುಂಡಾಗಿ ಮುಂದೆ ಸಾಗುತ್ತದೆ.

ಇಪ್ಪತ್ತೇ ನಿಮಿಷ ಏಕೆ? ಮೀನು ಹೆಚ್ಚೆಂದರೆ ಹದಿನೈದು ನಿಮಿಷಕ್ಕೊಮ್ಮೆ ಉಸಿರಿಗೆ ಬರಲೇಬೇಕಾದ್ದರಿಂದ, ಇಪ್ಪತ್ತು ನಿಮಿಷದಲ್ಲಿ ಪ್ರತಿಯೊಂದೂ ಒಮ್ಮೆಯಾದರೂ ಕಾಣಿಸಿಕೊಳ್ಳುತ್ತದೆ. ಯಾವುದೂ ತಪ್ಪಿಸಿಕೊಳ್ಳುವಂತಿಲ್ಲ. ಕಷ್ಟವಿರುವುದು ಉಲ್ಟಾ ಬದಿಯಲ್ಲಿ. ಐದೇ ನಿಮಿಷಕ್ಕೆ ಮತ್ತೆ ಎದ್ದ ಮೀನನ್ನು ಹೊಸದೆಂದು ಎಣಿಸಿದರೆ ಲೆಕ್ಕ ಉಬ್ಬುತ್ತದೆ. ಈಗ ಅಲ್ಲಿ ಎದ್ದದ್ದು ಆಗಲೇ ಇಲ್ಲಿ ಎದ್ದಿದ್ದೇ ಅಥವಾ ಬೇರೆಯೇ ಎಂಬುದನ್ನು ಬಾಲ ಬಡಿದ ಸದ್ದು, ಬೆನ್ನಿನ ಗಾತ್ರ, ಮುಳುಗಿದ ದಿಕ್ಕು, ನೀರು ಕದಡಿದ ರೀತಿಯಿಂದ ಹೇಳಬೇಕು. ಈಟಿ ಎಸೆಯಲು ಬೇಕಿದ್ದ ವಿದ್ಯೆಯೇ ಇದು. ಬಲೆ ಬಂದು ಬೇಡವಾಗಿದ್ದ ವಿದ್ಯೆಗೆ ಎಣಿಕೆ ಹೊಸ ಉದ್ಯೋಗ ಕೊಟ್ಟಿತು. ಎಲ್ಲ ಬೆಸ್ತರಿಗೂ ಇದು ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಹೊಸಬರು ಹಳಬರ ಜೊತೆ ಕೂತು ಕಲಿಯುತ್ತಾರೆ, ನುರಿತವರನ್ನು ಗುರುತಿಸಿ ಅರ್ಹತೆ ನೀಡುವ ಪದ್ಧತಿಯೂ ಬೆಳೆದಿದೆ.

ಈ ಅಂಕಿ ಕಡತಕ್ಕೆ ಸೇರಿ ಮಲಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ನಿಷೇಧ ಇದ್ದ ಹಾಗೆಯೇ ಇದ್ದು, ಎಣಿಸಿ ಕಾಯುವ ಸಮುದಾಯಗಳಿಗೆ ಮಾತ್ರ ಬೇಟೆಯ ಅನುಮತಿ ಕೊಡುವ ವ್ಯವಸ್ಥೆ ರೂಪುಗೊಂಡಿತು. ಮಮಿರವಾದ ಜರವಾ ವಲಯದಲ್ಲಿ 1999ರಲ್ಲಿ ಇದು ಶುರುವಾಯಿತು. ಈ ವರ್ಷ ಎಣಿಸಿದ ಬೆಳೆದ ಮೀನುಗಳಲ್ಲಿ ಹೆಚ್ಚೆಂದರೆ ನೂರಕ್ಕೆ ಮೂವತ್ತನ್ನು ಮುಂದಿನ ಋತುವಿನಲ್ಲಿ ಹಿಡಿಯಬಹುದು. ಪಾಲು ನಿಗದಿ ಮಾಡುವುದು ಕೇಂದ್ರ ಪರಿಸರ ಸಂಸ್ಥೆ ಇಬಾಮ. ಹಿಡಿದ ಪ್ರತಿ ಮೀನಿಗೂ ಸಂಖ್ಯೆಯಿರುವ ಪ್ಲಾಸ್ಟಿಕ್ ಮುದ್ರೆ, ಉದ್ದ, ತೂಕ, ಗಂಡೋ ಹೆಣ್ಣೋ ಎಂಬ ದಾಖಲೆ.

ಇಲ್ಲಿ ಓದುಗರಿಗೆ ಒಂದು ಅನುಮಾನ ಬಂದೇ ಬರುತ್ತದೆ. ಹೆಚ್ಚು ಎಣಿಸಿದರೆ ಹೆಚ್ಚು ಪಾಲು ಸಿಗುವುದಾದರೆ ಸುಳ್ಳು ಲೆಕ್ಕ ಕೊಡಲು ಏನಡ್ಡಿ? ಅಡ್ಡಿ ಮುಂದಿನ ವರ್ಷವೇ. ಇಲ್ಲದ ಮೀನಿಗೆ ಪಾಲು ಪಡೆದರೆ ಅದನ್ನು ತುಂಬಿಸಲು ಆಗುವುದಿಲ್ಲ. ಬಲವಂತವಾಗಿ ತುಂಬಿಸಿದರೆ ಹಿಡಿದ ಮೀನಿನ ಸರಾಸರಿ ಗಾತ್ರ ಇಳಿಯುತ್ತದೆ, ಅದು ದಾಖಲೆಯಲ್ಲಿ ಕಾಣುತ್ತದೆ, ಮರುವರ್ಷದ ಎಣಿಕೆ ಬೀಳುತ್ತದೆ. ಎಣಿಸುವುದೂ ಒಬ್ಬನೇ ಅಲ್ಲ, ಊರಿನ ತಂಡ. ಮೋಸ ಅಸಾಧ್ಯ ಎಂದಲ್ಲ. ಮೋಸದ ನಷ್ಟ ಮೋಸ ಮಾಡಿದ ಊರಿಗೇ ಬೀಳುವಂತೆ ವ್ಯವಸ್ಥೆಯಿದೆ. ಆ ಕೊಳದಲ್ಲಿ ಬೇರೆಯವರು ಹಿಡಿಯುವಂತಿಲ್ಲ ಎಂಬ ಹಕ್ಕು ಇಲ್ಲದಿದ್ದರೆ ಇದರಲ್ಲಿ ಯಾವುದೂ ನಡೆಯುತ್ತಿರಲಿಲ್ಲ. ಇವತ್ತು ಉಳಿಸಿದ ಮೀನನ್ನು ನಾಳೆ ಪರರು ಒಯ್ಯುವುದಾದರೆ ಯಾರು ಉಳಿಸುತ್ತಾರೆ?

ಫಲಿತಾಂಶ ಬೇಗನೆ ಬಂತು. ಜರವಾದಲ್ಲಿ ಮೊದಲ ಏಳೆಂಟು ವರ್ಷಗಳಲ್ಲಿ ಮೀನಿನ ಸಂಖ್ಯೆ ಎಂಟೊಂಬತ್ತು ಪಟ್ಟು ಏರಿತು, ಬೇಟೆಯ ಪಾಲೂ ಆದಾಯವೂ ಅದರ ಜೊತೆ ಬೆಳೆದವು. ದೂರದ ಜುರುವಾ ನದಿಯಲ್ಲಿ ಜುವಾವ್ ಕಾಂಪೊಸ್-ಸಿಲ್ವಾ ಮತ್ತು ಕಾರ್ಲೊಸ್ ಪೆರೆಸ್ ಸುಮಾರು 500 ಕಿಲೋಮೀಟರ್ ಉದ್ದಕ್ಕೂ 83 ಕೊಳಗಳನ್ನು ಹೋಲಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಸಮುದಾಯ ಕಾಯುವ ಕೊಳದಲ್ಲಿ ಸರಾಸರಿ 300ಕ್ಕೂ ಹೆಚ್ಚು ಪಿರಾರುಕು, ಯಾರು ಬೇಕಾದರೂ ಹಿಡಿಯಬಹುದಾದ ಕೊಳದಲ್ಲಿ ಸುಮಾರು ಒಂಬತ್ತು. ಇನ್ನೊಂದು ತುದಿಯಲ್ಲಿ, ಅಮೆಜಾನಿನ ಕೆಳಹರಿವಿನಲ್ಲಿ ಕಾಸ್ಟೆಲ್ಲೊ ತಂಡ 81 ಊರುಗಳಲ್ಲಿ ವಿಚಾರಿಸಿದಾಗ ನೂರಕ್ಕೆ ಹತ್ತೊಂಬತ್ತು ಊರುಗಳ ನೀರಿನಲ್ಲಿ ಈ ಮೀನು ಪೂರ್ತಿ ಅಳಿದಿತ್ತು. ನದಿಯೂ ಒಂದೇ, ಮೀನೂ ಒಂದೇ.

ಮಮಿರವಾದ ಜನರಲ್ಲಿ ಹೆಚ್ಚಿನವರು ಆದಿವಾಸಿ, ಪೋರ್ಚುಗೀಸ್, ಆಫ್ರಿಕನ್ ಮೂಲಗಳು ಬೆರೆತ ನದಿದಡದವರು. ಕೆಲವು ಊರುಗಳು ತಮ್ಮನ್ನು ಆದಿವಾಸಿಗಳೆಂದೇ ಗುರುತಿಸಿಕೊಳ್ಳುತ್ತವೆ. ಆದಿವಾಸಿ ಪ್ರದೇಶಗಳಲ್ಲಿ ಈ ವಿಧಾನ ಬೇರೂರಿದ ಬಗೆಗೆ ಪುರುಸ್ ನದಿ ಕಣಿವೆಯ ಪೌಮರಿ ಜನ ಒಳ್ಳೆಯ ಉದಾಹರಣೆ. ಇವರು ನೀರಿನ ಜನ. ಹಿಂದೆ ತೇಲುವ ಮನೆಗಳಲ್ಲಿ ಬದುಕಿದವರು. ವ್ಯಾಪಾರಿ ದೋಣಿಗಳು ಸಾಲಕ್ಕೆ ಸಾಮಾನು ಕೊಟ್ಟು ಮೀನಿನಲ್ಲಿ ತೀರಿಸಿಕೊಳ್ಳುವ, ಎಂದೂ ತೀರದ ಸಾಲದ ಪದ್ಧತಿಯಲ್ಲಿ ಇವರ ಕೊಳಗಳು ಬರಿದಾಗಿದ್ದವು. ತಪಾವಾ ನದಿಯ ಪೌಮರಿಗಳು ಓಪನ್ ಎಂಬ ಸ್ವಯಂಸೇವಾ ಸಂಸ್ಥೆಯ ತಂತ್ರಜ್ಞರ ಜೊತೆ ಸೇರಿ ಎಣಿಕೆ ಕಲಿತು, ಮಾರಾಟದ ಬೇಟೆಯನ್ನು ಕೆಲವು ವರ್ಷ ತಾವೇ ನಿಲ್ಲಿಸಿ, 2013ರಲ್ಲಿ ಮೊದಲ ಪರವಾನಗಿಯ ಬೇಟೆ ನಡೆಸಿದರು. ಕೈಯಲ್ಲಿ ಕಾಸಿಲ್ಲದವರು, ಇನ್ನೂ ಬಾರದ ಮೀನಿನ ಭರವಸೆಯ ಮೇಲೆ, ಹಿಡಿಯುವುದನ್ನು ನಿಲ್ಲಿಸಿದ್ದು ಸಣ್ಣ ಮಾತಲ್ಲ. ಜುರುವಾ ಕಣಿವೆಯ ದೇನಿ ಜನರೂ ಇದೇ ದಾರಿ ಹಿಡಿದಿದ್ದಾರೆ.

ಗಡಿಯಾಚೆ ಗಯಾನಾದ ರುಪುನುನಿ ಪ್ರದೇಶದ ಮಕುಶಿ ಬೆಸ್ತರಿಗೆ ಎಣಿಕೆ ಕಲಿಸಿದ್ದು ಯಾರು ಗೊತ್ತೇ? ಮಮಿರವಾದಿಂದ ಹೋದ ಬೆಸ್ತರು. ವಿಜ್ಞಾನಿಗಳು ಏರ್ಪಾಡು ಮಾಡಿದರು, ಪಾಠ ಹೇಳಿದ್ದು ಮಾತ್ರ ಈಟಿಗಾರರು.

ಕರ್ನಾಟಕದ ಓದುಗರಿಗೆ ಮೀನು ಕಾಯುವುದು ಹೊಸ ವಿಷಯವಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿದವರು ನಾವು. ನದಿಯ ಉಳಿದ ಭಾಗದಲ್ಲಿ ಕಾಣೆಯಾಗುತ್ತಿರುವ ಮಹಶೀರ್ ಮೀನು ಆ ಮಡುಗಳಲ್ಲಿ ಗುಂಪುಗುಂಪಾಗಿ ಸಿಗುತ್ತದೆ. ಅಲ್ಲಿನ ಕಾವಲು ಭಕ್ತಿಯದು: ಮುಟ್ಟಬಾರದು, ತಿನ್ನಬಾರದು. ಅಮೆಜಾನಿನ ಕಾವಲು ತಿನ್ನುವವರದು. ನಮ್ಮಲ್ಲಿ ರಕ್ಷಣೆ ದೇವಸ್ಥಾನದ ಮೆಟ್ಟಿಲಿನ ಆಸುಪಾಸಿಗೆ ನಿಲ್ಲುತ್ತದೆ. 1996ರಲ್ಲಿ ಶಿಶಿಲದಲ್ಲಿ ವಿಷ ಹಾಕಿ ಮೀನುಗಳನ್ನು ಕೊಂದ ಘಟನೆಯ ನೆನಪಿಗೆ ಅಲ್ಲಿ ಸ್ಮಾರಕವೇ ಇದೆ. ಯಾವುದು ಮೇಲು ಎಂಬ ಪ್ರಶ್ನೆ ಇದಲ್ಲ. ಆದರೆ ನದಿಯನ್ನೇ ನಂಬಿ ಹೊಟ್ಟೆ ಹೊರೆಯುವ ನಮ್ಮ ಬೆಸ್ತ, ಅಂಬಿಗ ಕುಟುಂಬಗಳಿಗೆ ಮೀನಿನ ಲೆಕ್ಕದಲ್ಲೂ ಪಾಲಿನ ನಿರ್ಧಾರದಲ್ಲೂ ಜಾಗ ಕೊಡುವ ಯೋಚನೆ ನಮ್ಮ ಚರ್ಚೆಗಳಲ್ಲಿ ಕಾಣುವುದು ಅಪರೂಪ. ಅಂದಹಾಗೆ, ಪಿರಾರುಕು ನಮ್ಮ ನೆರೆಯವರೆಗೂ ಬಂದಿದೆ: 2018ರ ಕೇರಳದ ಪ್ರವಾಹದ ನಂತರ, ಸಾಕಣೆಯ ಕೊಳಗಳಿಂದ ತಪ್ಪಿಸಿಕೊಂಡ ಅರಪೈಮಾಗಳು ಅಲ್ಲಿನ ನದಿಗಳಲ್ಲಿ ಸಿಕ್ಕವು. ತವರಿನಲ್ಲಿ ಉಳಿಸಲು ಹೆಣಗುವ ಮೀನು ಇಲ್ಲಿ ಸ್ಥಳೀಯ ಮೀನುಗಳನ್ನು ತಿನ್ನುವ ಹೊರಗಿನದು.

ಅಮೆಜಾನಿನ ಈ ಯಶಸ್ಸನ್ನು ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗ ಕಾವಲಿನದು. ಎಣಿಕೆ ವರ್ಷಕ್ಕೆ ಕೆಲವೇ ದಿನಗಳ ಕೆಲಸ. ಕಾವಲು ವರ್ಷವಿಡೀ, ಹಗಲೂ ರಾತ್ರಿಯೂ. ಕೊಳದ ಬಾಯಲ್ಲಿ ಗುಡಿಸಲು ಅಥವಾ ತೇಲುವ ಮನೆ ಕಟ್ಟಿ ಕುಟುಂಬಗಳು ಸರದಿಯಲ್ಲಿ ಇರುತ್ತವೆ. ಡೀಸೆಲ್, ಊಟ, ನಿದ್ದೆಗೆಟ್ಟ ರಾತ್ರಿಗಳು ಎಲ್ಲವೂ ಊರಿನ ಖರ್ಚು. ಬರುವವರು ಬರಿಗೈಯವರಲ್ಲ. 2022ರ ಜೂನ್‌ನಲ್ಲಿ ಪೆರು ಗಡಿಯ ಜವಾರಿ ಎಂಬ ನದಿಯ ಕಣಿವೆಯ ಬಳಿ ಬ್ರಿಟಿಷ್ ಪತ್ರಕರ್ತ ಡಾಮ್ ಫಿಲಿಪ್ಸ್ ಮತ್ತು ಆದಿವಾಸಿಗಳ ಗಸ್ತು ತಂಡಗಳಿಗೆ ನೆರವಾಗುತ್ತಿದ್ದ ಬ್ರೂನೊ ಪೆರೇರಾ ಕೊಲೆಯಾದರು. ಆದಿವಾಸಿ ಪ್ರದೇಶದೊಳಗಿನ ಅಕ್ರಮ ಮೀನುಗಾರಿಕೆ ಆ ಕೊಲೆಯ ಹಿನ್ನೆಲೆಯಲ್ಲಿತ್ತು. ಅಲ್ಲಿನ ಕಳ್ಳಬೇಟೆಯ ದೊಡ್ಡ ಆಕರ್ಷಣೆ ಪಿರಾರುಕುವೇ.

ಇಷ್ಟು ಅಪಾಯದ ಕೆಲಸಕ್ಕೆ ಕೂಲಿ ಕೊಡುವುದು ಮುಖ್ಯವಾಗಿ ಮೀನಿನ ಬೆಲೆ. ಆ ಬೆಲೆಯನ್ನು ಕಳ್ಳ ಮೀನು ಕೆಳಗೆ ಎಳೆಯುತ್ತದೆ, ಏಕೆಂದರೆ ಅದಕ್ಕೆ ಕಾವಲಿನ ಖರ್ಚಿಲ್ಲ, ಮುದ್ರೆಯಿಲ್ಲ, ತೆರಿಗೆಯಿಲ್ಲ. ಚರ್ಮದ ಕಥೆ ಇನ್ನೂ ವಿಚಿತ್ರ. ಹುರುಪೆಯ ಅಚ್ಚು ಮೂಡಿದ ಪಿರಾರುಕು ಚರ್ಮ ಅಮೆರಿಕಕ್ಕೆ ಹೋಗಿ ದುಬಾರಿ ಕೌಬಾಯ್ ಬೂಟುಗಳಾಗುತ್ತದೆ. ಕೊಳ ಕಾದವರಿಗೆ ಸಿಗುವುದು ಅದರ ಸಣ್ಣ ಪಾಲು. ಹಲವು ಸಮುದಾಯ ಸಂಘಗಳು ಒಟ್ಟಾಗಿ ‘ಗೋಸ್ಟೊ ಡಾ ಅಮೆಜಾನಿಯಾ’ ಎಂಬ ಹೆಸರಿನಲ್ಲಿ ರಿಯೊ, ಸಾವೊ ಪೌಲೊದಂಥ ನಗರಗಳ ಹೋಟೆಲುಗಳಿಗೆ ಮೀನು ಮುಟ್ಟಿಸಲು ಹೊರಟದ್ದು ಈ ಕಾರಣಕ್ಕೇ. ಹೆಂಗಸರ ಪಾಲು ಬದಲಾದದ್ದನ್ನೂ ಹೇಳಬೇಕು. ಮೀನುಗಾರಿಕೆಯಲ್ಲಿ ಅವರ ದುಡಿಮೆ ಮೊದಲೂ ಇತ್ತು, ಕೂಲಿ ಇರಲಿಲ್ಲ. ಈಗ ಮೀನು ಸೀಳುವುದು, ಅಳೆಯುವುದು, ಲೆಕ್ಕ ಬರೆಯುವುದು, ಕೆಲವೆಡೆ ಕಾವಲು ಕೂಡ ಪಾಲು ಹಂಚಿಕೆಯ ಲೆಕ್ಕಕ್ಕೆ ಬರುವುದರಿಂದ ಹಣ ಅವರ ಹೆಸರಿಗೇ ಬರುತ್ತದೆ ಎಂದು ಜುರುವಾದ ಅಧ್ಯಯನ ತೋರಿಸಿದೆ.

ಈಗ ಎದುರಾಗಿರುವ ತೊಡಕು ಕಳ್ಳರದಲ್ಲ, ನೀರಿನದು. 2023ರ ಬರಗಾಲದಲ್ಲಿ ಮಮಿರವಾ ಸಂಶೋಧನಾ ಸಂಸ್ಥೆಯಿರುವ ತೆಫೆ ಪಟ್ಟಣದ ಸರೋವರದ ನೀರು 40 ಡಿಗ್ರಿ ಸೆಲ್ಸಿಯಸ್‌ನ ಹತ್ತಿರಕ್ಕೆ ಕಾದು 150ಕ್ಕೂ ಹೆಚ್ಚು ನದಿ ಡಾಲ್ಫಿನ್‌ಗಳು ಸತ್ತವು. ಅಮೆಜಾನಸ್ ರಾಜ್ಯದ ರಾಜಧಾನಿ ಮನಾವ್ಸ್ ಬಳಿ ನೀಗ್ರೊ ನದಿ ಆ ವರ್ಷ ನೂರು ವರ್ಷಗಳಿಗೂ ಮೀರಿದ ದಾಖಲೆಯಲ್ಲೇ ಅತಿ ಕೆಳಗೆ ಇಳಿಯಿತು, 2024ರಲ್ಲಿ ಅದಕ್ಕಿಂತಲೂ ಕೆಳಗೆ. ಎಣಿಕೆಗೆ ನೀರು ಇಳಿಯಬೇಕು ನಿಜ, ಆದರೆ ದೋಣಿ ಕೊಳ ತಲುಪುವಷ್ಟು ಉಳಿದಿರಬೇಕು. ಕಾಲುವೆ ಒಣಗಿದರೆ ಐವತ್ತು, ಎಪ್ಪತ್ತು ಕಿಲೋ ಮೀನನ್ನು ಕೆಸರಿನ ಮೇಲೆ ಹೆಗಲ ಮೇಲೆಯೇ ಹೊರಬೇಕು, ಮಂಜುಗಡ್ಡೆ ಕರಗುವುದರೊಳಗೆ. ಕಾನೂನಿನ ಬೇಟೆಯ ಅವಧಿಯೋ ನವೆಂಬರ್ ಕೊನೆಗೆ ಮುಗಿಯುತ್ತದೆ, ಏಕೆಂದರೆ ಡಿಸೆಂಬರಿನಿಂದ ನೀರು ಏರಿ ಮೀನು ಗೂಡು ಕಟ್ಟುತ್ತದೆ ಎಂಬುದು ಅದರ ಆಧಾರ. ನೀರು ತಡವಾಗಿ ಏರಿದ ವರ್ಷ, ಅನುಮತಿ ಇದ್ದೂ ಮೀನು ಕೊಳದಲ್ಲೇ ಉಳಿಯುತ್ತದೆ. ಕಾವಲಿನ ಖರ್ಚು ಮಾತ್ರ ಆಗಿಹೋಗಿರುತ್ತದೆ. ದಿನಾಂಕಕ್ಕೆ ಬದಲು ನದಿಯ ಮಟ್ಟವನ್ನು ನೋಡಿ ಅವಧಿ ಗೊತ್ತುಮಾಡಬೇಕಾದರೆ ಕೊಳಕೊಳದ ನೀರಿನ ಲೆಕ್ಕವೂ ಬೇಕು, ಅದನ್ನು ಇಡಬಲ್ಲವರು ಕೊಳದ ಬಾಯಲ್ಲಿ ಈಗಾಗಲೇ ಕೂತಿದ್ದಾರೆ.